ಮಕ್ಕಳ ಪಾಲನೆಯೂ ಹಿತೋಪದೇಶದ ಧರ್ಮವೂ

ಗೃಹಸ್ಥನು ಹೊರುವ ಭಾರಗಳಲ್ಲಿ ಅತ್ಯಂತ ಗುರುತರವಾದುದು ಯಾವುದೆಂದು ವಿಚಾರಿಸಿದರೆ ಅದು ಸಂತಾನಪಾಲನೆಯೇ ಎಂದು ಹೇಳಬೇಕಾಗುತ್ತದೆ. ಒಂದು ವರ್ಷ ಬೆಳೆ ಕೆಟ್ಟರೆ ಮರುವರ್ಷ ಭೂಮಿಯು ಮತ್ತೆ ಕೊಡುತ್ತದೆ. ಸಾಲವಾದರೆ ದುಡಿದು ತೀರಿಸಬಹುದು. ಬಿದ್ದ ಗೋಡೆಯನ್ನು ಮರಳಿ ಕಟ್ಟಬಹುದು. ಮಗುವಿನ ಬಾಲ್ಯವು ಕಳೆದುಹೋದ ಮೇಲೆ ಅದನ್ನು ಮರಳಿ ತರುವ ಉಪಾಯವಾದರೋ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಇಷ್ಟು ದೊಡ್ಡ ಹೊಣೆಯನ್ನು ಮೊದಲೇ ಕಲಿತುಕೊಂಡು ಹೊತ್ತವರು ಲೋಕದಲ್ಲಿ ಯಾರೂ ಇಲ್ಲ. ಒಕ್ಕಲುತನವನ್ನು ತಂದೆಯ ಹಿಂದೆ ನೇಗಿಲು ಹಿಡಿದು ಕಲಿಯಬಹುದು. ಅಡಿಗೆಯನ್ನು ತಾಯಿಯ ಮಗ್ಗುಲಲ್ಲಿ ನಿಂತು ಕಲಿಯಬಹುದು. ಮಕ್ಕಳನ್ನು ಸಾಕುವ ವಿದ್ಯೆಯನ್ನು ಮಾತ್ರ ತನ್ನ ಸ್ವಂತ ಮಕ್ಕಳ ಮೇಲೆಯೇ ಕಲಿಯಬೇಕು. ಆದುದರಿಂದ ತಂದೆತಾಯಿಗಳು ಒಮ್ಮೊಮ್ಮೆ ದಾರಿಗಾಣದೆ ನಿಲ್ಲುವುದು ಸಹಜ. ಹಾಗೆ ನಿಂತಾಗ ಅವರು ಯಾರನ್ನು ಕೇಳಬೇಕು? ಕೇಳಿಸಿಕೊಂಡವನು ಯಾವ ರೀತಿಯಲ್ಲಿ ಹೇಳಬೇಕು? ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ಹೆಚ್ಚು ಕಠಿನವಾದುದು. ಯಾಕೆಂದರೆ ಎರಡನೆಯದು ಸರಿಯಾದರೆ ಮೊದಲನೆಯದು ತಾನಾಗಿ ಪರಿಹಾರವಾಗುತ್ತದೆ.

ತುಂಗಭದ್ರೆಯ ತೆಂಕಣ ದಡದ ಕಂಪ್ಲಿಯಂಥ ಊರಿನಲ್ಲಿ ಒಂದು ಸಾಧಾರಣ ಮನೆಯನ್ನು ಭಾವಿಸಿಕೊಳ್ಳಬಹುದು. ಯಜಮಾನನಿಗೆ ಕಾಲುವೆಯ ನೀರಿನ ನಾಲ್ಕೆಕರೆ ಗದ್ದೆ, ಭತ್ತವೇ ಜೀವನ. ಹದಿನೇಳು ವರ್ಷದ ಮಗನು ಕಾಲೇಜಿಗೆ ಹೋಗುತ್ತಾನೆ. ಕೈಯಲ್ಲಿ ಮೊಬೈಲು. ಓದಿಗಾಗಿ ಕೊಡಿಸಿದ ಆ ಯಂತ್ರದಲ್ಲಿ ಅವನು ಹಣವನ್ನು ಪಣಕ್ಕಿಡುವ ಆಟದ ರುಚಿ ಹತ್ತಿಸಿಕೊಂಡು, ಗೊಬ್ಬರಕ್ಕೆಂದು ಬ್ಯಾಂಕಿನಲ್ಲಿಟ್ಟಿದ್ದ ಹಣವನ್ನು ತಂದೆಗೆ ತಿಳಿಯದಂತೆ ಕಳೆದುಬಿಟ್ಟಿದ್ದಾನೆ. ತಾಯಿಗೆ ಮೊದಲು ಗೊತ್ತಾಯಿತು. ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಹೊಡೆತ. ಅತ್ತೆಗೆ ಹೇಳಿದರೆ ತವರುಮನೆಯವರೆಗೂ ಮುಟ್ಟುವ ಮಾತು. ನೆರೆಯವರಿಗೆ ಹೇಳಿದರೆ ಸಂಜೆಯೊಳಗೆ ಅಗಸೆ ಬಾಗಿಲಿನ ಕಟ್ಟೆಯ ಮೇಲೆ ಅದೇ ಸುದ್ದಿ. "ನಿನ್ನ ಸಲಿಗೀನೇ ಹುಡುಗನ್ನ ಕೆಡಿಸೈತವ್ವಾ" ಎಂಬ ಒಂದು ಮಾತನ್ನು ತಾನು ಕೇಳಬೇಕಾದೀತೆಂಬ ಭಯದಿಂದ ಅವಳು ಆರು ತಿಂಗಳು ಬಾಯಿ ಮುಚ್ಚಿಕೊಂಡು ಕುಳಿತಳು. ಆ ಆರು ತಿಂಗಳಲ್ಲಿ ಸಾವಿರದ ಸಾಲವು ಲಕ್ಷವಾಯಿತು. ಇದು ಕಲ್ಪಿತ ನಿದರ್ಶನವೇ ಆದರೂ ಇದನ್ನು ಓದಿದವರಲ್ಲಿ ಅನೇಕರಿಗೆ ತಮ್ಮ ಬೀದಿಯ ಯಾವುದಾದರೊಂದು ಮನೆ ನೆನಪಾಗದೆ ಇರಲಾರದು.

ಇಲ್ಲಿ ಮಗನ ತಪ್ಪು ಒಂದು. ತಾಯಿಯ ಮೌನ ಇನ್ನೊಂದು. ಆದರೆ ಇವೆರಡಕ್ಕೂ ಹಿಂದೆ ಮೂರನೆಯದೊಂದು ದೋಷವಿದೆ. ಅದು ಸಮಾಜದ ನಾಲಿಗೆಯ ದೋಷ. ತಾಯಿಯು ಮಗನಿಗೆ ಹೆದರಿ ಸುಮ್ಮನಿರಲಿಲ್ಲ, ಸಾಲಗಾರನಿಗೆ ಹೆದರಿಯೂ ಅಲ್ಲ. ಬುದ್ಧಿ ಹೇಳುವವರಿಗೆ ಹೆದರಿ ಸುಮ್ಮನಿದ್ದಳು. ರೋಗಿಯು ವೈದ್ಯನನ್ನೇ ಕಂಡು ಅಡಗಿಕೊಳ್ಳುವಂತಾದರೆ ಆ ಊರಿನಲ್ಲಿ ವೈದ್ಯನಿದ್ದು ಪ್ರಯೋಜನವೇನು? ಹುಣ್ಣನ್ನು ತೋರಿಸಿದೊಡನೆ "ಇಷ್ಟು ದಿನ ಏನು ಮಾಡುತ್ತಿದ್ದೆ, ಹೊಲಸು ಬದುಕುವವನೆ" ಎಂದು ಬೈಯುವ ವೈದ್ಯನಲ್ಲಿಗೆ ಯಾರೂ ಎರಡನೆಯ ಸಲ ಹೋಗುವುದಿಲ್ಲ. ಅವನ ಮಾತು ಸುಳ್ಳೆಂದೇನೂ ಅಲ್ಲ. ನಿಜವಾಗಿದ್ದರೂ ಅದು ಔಷಧಕ್ಕಿಂತ ಮುಂಚೆ ಬಂದ ಕಾರಣ ಔಷಧದ ದಾರಿಯನ್ನು ಮುಚ್ಚಿತು.

ಇಲ್ಲಿ ಒಂದು ಆಕ್ಷೇಪವು ಏಳುವುದು ನ್ಯಾಯವೇ ಆಗಿದೆ. ತಪ್ಪನ್ನು ತಪ್ಪೆನ್ನದೆ ಬಿಟ್ಟರೆ ಧರ್ಮವು ಉಳಿಯುವುದು ಹೇಗೆ? ಶರಣಧರ್ಮವು ಪಂಚಾಚಾರಗಳಲ್ಲಿ ಗಣಾಚಾರವನ್ನೂ ಹೇಳಿದೆ. ಅಧರ್ಮವನ್ನು ಕಣ್ಣಾರೆ ಕಂಡು ಸಹಿಸಿಕೊಂಡಿರುವುದು ಭಕ್ತನಿಗೆ ಸಲ್ಲದು. ಹೀಗಿರುವಾಗ ದಾರಿ ತಪ್ಪಿದ ಮಗನನ್ನೂ ಅವನನ್ನು ತಿದ್ದಲಾರದ ತಂದೆತಾಯಿಗಳನ್ನೂ ಖಂಡಿಸದೆ ಮೃದುವಾಗಿ ಮಾತನಾಡುವುದು ದಾಕ್ಷಿಣ್ಯವಾದೀತೇ ಹೊರತು ಧರ್ಮವಾದೀತೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಇದನ್ನು ಕೇಳುವ ಹಿರಿಯರಲ್ಲಿ ಅನೇಕರು ಸಜ್ಜನರು. ಮಕ್ಕಳು ಕೆಡುವುದನ್ನು ಕಂಡು ನಿಜವಾಗಿ ನೊಂದವರು.

ಉತ್ತರವನ್ನು ಹುಡುಕುವಾಗ ಶಬ್ದದ ಅರ್ಥವನ್ನು ಮೊದಲು ತಿಳಿಯಬೇಕು. 'ಉಪದೇಶ' ಎಂಬ ಪದದಲ್ಲಿ 'ಉಪ' ಎಂದರೆ ಸಮೀಪ. 'ದಿಶ್' ಎಂದರೆ ತೋರಿಸು. ಹತ್ತಿರದಲ್ಲಿ ನಿಂತು ದಿಕ್ಕನ್ನು ತೋರಿಸುವುದೇ ಉಪದೇಶ. ದಾರಿ ತಪ್ಪಿದವನಿಗೆ ದೂರದ ದಿಬ್ಬದ ಮೇಲಿನಿಂದ ಕೂಗಿ ಹೇಳಿದರೆ ಅವನಿಗೆ ಗದರಿಕೆಯ ಧ್ವನಿ ಮಾತ್ರ ಕೇಳಿಸೀತು, ದಿಕ್ಕು ಕಾಣಿಸದು. ಇಳಿದು ಬಂದು ಅವನ ಪಕ್ಕದಲ್ಲಿ ನಿಂತು, ಅವನ ಕಣ್ಣಿನ ಎತ್ತರದಿಂದಲೇ ನೋಡಿ, ಬೆರಳು ತೋರಿಸಿದರೆ ಮಾತ್ರ ಅವನು ಆ ಬೆರಳಿನ ತುದಿಯಲ್ಲಿರುವ ಹಾದಿಯನ್ನು ಕಾಣಬಲ್ಲನು. ನಿಂದೆಗೂ ಉಪದೇಶಕ್ಕೂ ಇರುವ ಮುಖ್ಯ ಭೇದವು ಇದೇ. ತಪ್ಪನ್ನು ಗುರುತಿಸುವ ವಿವೇಕವು ಎರಡರಲ್ಲಿಯೂ ಇರಬಹುದು. ನಿಂದೆಯು ದೂರದಿಂದ ಬರುತ್ತದೆ, ಉಪದೇಶವು ಸಮೀಪದಿಂದ ಬರುತ್ತದೆ. ನಿಂದಕನು ತನ್ನನ್ನು ಆ ತಪ್ಪಿನಿಂದ ಬೇರೆಯಾಗಿ ನಿಲ್ಲಿಸಿಕೊಳ್ಳುವುದಕ್ಕಾಗಿ ಮಾತನಾಡುತ್ತಾನೆ. ಉಪದೇಶಕನು ತಪ್ಪಿದವನನ್ನು ತನ್ನೊಡನೆ ಸೇರಿಸಿಕೊಳ್ಳುವುದಕ್ಕಾಗಿ ಮಾತನಾಡುತ್ತಾನೆ.

ಕಂಪ್ಲಿಯ ನೆಲವೇ ಈ ವಿಷಯದಲ್ಲಿ ಒಂದು ದೊಡ್ಡ ಪಾಠವನ್ನು ಇಟ್ಟುಕೊಂಡಿದೆ. ಕುಮಾರರಾಮನ ಕಥೆಯನ್ನು ಅರಿಯದವರು ಈ ಸೀಮೆಯಲ್ಲಿ ಇಲ್ಲ. ನಂಜುಂಡ ಮೊದಲಾದ ಕವಿಗಳು ಅದನ್ನು ಸಾಂಗತ್ಯದಲ್ಲಿ ಹಾಡಿದ್ದಾರೆ. ಕಂಪಿಲರಾಯನ ಕಿರಿಯ ರಾಣಿ ರತ್ನಾಜಿಯು ಮಲಮಗನಾದ ರಾಮನಲ್ಲಿ ಅನುಚಿತವಾದ ಆಸೆಯನ್ನಿಟ್ಟು, ಅವನು ಒಲ್ಲೆನೆಂದಾಗ ಅವನ ಮೇಲೆಯೇ ಅಪವಾದವನ್ನು ಹೊರಿಸಿದಳು. ತಂದೆಯು ಮಗನನ್ನು ಕರೆದು ಒಂದು ಮಾತು ಕೇಳಲಿಲ್ಲ. ಕೋಪದ ಭರದಲ್ಲಿ ತಲೆಯನ್ನು ಕಡಿದು ತರುವಂತೆ ಮಂತ್ರಿ ಬೈಚಪ್ಪನಿಗೆ ಆಜ್ಞೆ ಮಾಡಿದನು. ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟನು. ಮುಂದೆ ದೆಹಲಿಯ ಸೈನ್ಯವು ಬಂದು ಮುತ್ತಿದಾಗ ಮಗನಿಲ್ಲದ ತಂದೆಯು ಪರಿತಪಿಸಿದನು. ಆಗ ಬೈಚಪ್ಪನು ಬಚ್ಚಿಟ್ಟಿದ್ದವನನ್ನು ಹೊರಗೆ ತಂದನು. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯದೆದುರು ಕಂಪಿಲಿಯ ರಾಜ್ಯವು ಬಿದ್ದದ್ದು ಇತಿಹಾಸ. ತಂದೆಮಗನ ಈ ವೃತ್ತಾಂತವು ಕವಿಗಳದು, ಜನರದು. ಆದರೆ ಜನರು ಆರು ನೂರು ವರ್ಷಗಳಿಗೂ ಮಿಕ್ಕಿ ಈ ಕಥೆಯನ್ನು ಬಿಡದೆ ಹೇಳಿಕೊಂಡು ಬಂದುದಕ್ಕೆ ಕಾರಣವಿರಬೇಕು.

ಕಥೆಯನ್ನು ಕೇಳುವವರು ಸಾಮಾನ್ಯವಾಗಿ ರಾಮನ ಶೀಲವನ್ನೂ ಶೌರ್ಯವನ್ನೂ ಕೊಂಡಾಡುತ್ತಾರೆ. ಅದು ಯೋಗ್ಯವೇ. ಗೃಹಸ್ಥನಾದವನು ಬೈಚಪ್ಪನನ್ನೂ ಸ್ವಲ್ಪ ನೋಡಬೇಕು. ಆಜ್ಞೆಯು ಕೈಗೆ ಬಂದಾಗ ರಾಣಿಯ ಮಾತು ನಿಜವೋ ಸುಳ್ಳೋ ಎಂಬುದನ್ನು ಪ್ರಮಾಣೀಕರಿಸುವ ಕಾಲವು ಅವನಿಗಿರಲಿಲ್ಲ. ಅವನು ಮಾಡಿದುದು ಒಂದೇ: ಕೋಪದಲ್ಲಿ ಕೊಟ್ಟ ತೀರ್ಪನ್ನು ನಡೆಯಗೊಡದೆ ತಡೆದನು. ಆ ತಡೆಯಲ್ಲಿ ಮಗನು ಉಳಿದನು; ಕಡೆಯಲ್ಲಿ ತಂದೆಗೂ ಪಶ್ಚಾತ್ತಾಪಕ್ಕೆ ಎಡೆ ಉಳಿಯಿತು. ಮನೆಯಲ್ಲಿ ತಂದೆಯು ಕಂಪಿಲರಾಯನಾಗಿರುವ ಹೊತ್ತಿನಲ್ಲಿ ನೆರೆಯವರು, ನಂಟರು, ಉಪಾಧ್ಯಾಯರು, ಮಠದ ಹಿರಿಯರು ಬೈಚಪ್ಪನಾಗಬಲ್ಲರೆ? ಅಥವಾ ರತ್ನಾಜಿಯ ಮಾತಿಗೆ ಇನ್ನೂ ನಾಲ್ಕು ಮಾತು ಸೇರಿಸುವರೆ? ಊರಿನ ನೀತಿಯು ಈ ಒಂದು ಪ್ರಶ್ನೆಯಲ್ಲಿ ನಿರ್ಣಯವಾಗುತ್ತದೆ.

"ರಾಮನು ನಿರಪರಾಧಿ; ಆದ್ದರಿಂದ ಅವನನ್ನು ಬಚ್ಚಿಟ್ಟದ್ದು ಸರಿ. ನಿಜವಾಗಿ ತಪ್ಪು ಮಾಡಿದ ಮಗನ ವಿಷಯದಲ್ಲಿ ಏನು?" ಎಂದು ಕೇಳಬಹುದು. ಇದಕ್ಕೆ ಶರಣರ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಪತ್ನಿಯಾದ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ; ಅಗತ್ಯಕ್ಕೆ ಮೀರಿದುದು ಆಸೆಯೆಂದು ತಿಳಿಸಿ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರುವಂತೆ ಹೇಳಿದರು. ಇಲ್ಲಿ ತಪ್ಪನ್ನು ತಪ್ಪೆಂದು ಹೇಳಿದ್ದಾಗಿದೆ. ಅದರಲ್ಲಿ ಎಳ್ಳಷ್ಟೂ ದಾಕ್ಷಿಣ್ಯವಿಲ್ಲ. ಆದರೆ ಆ ಮಾತನ್ನು ಹೇಳಿದವರು ಯಾರು? ಅದೇ ಒಲೆಯ ಮುಂದೆ ಕುಳಿತು ಅದೇ ಮಡಕೆಯ ಅನ್ನವನ್ನು ಉಣ್ಣುವವರು. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಿದರೆ ತಮ್ಮ ಮನೆಯ ಕಣಜವೂ ಬರಿದಾಗುವುದನ್ನು ಅರಿತೇ ಹೇಳಿದವರು. ಅಲ್ಲದೆ ಅವರು ಗಂಡನಿಗೆ ಬರಿಯ ದೋಷವನ್ನು ಹೊರಿಸಿ ಕೈಬಿಡಲಿಲ್ಲ. ಮಾಡಬೇಕಾದ ಕಾರ್ಯವನ್ನು ತೋರಿಸಿದರು, ಅದು ಅವರ ಶಕ್ತಿಗೆ ಮೀರಿದ ಕಾರ್ಯವೂ ಆಗಿರಲಿಲ್ಲ. ತಿದ್ದುವ ಮಾತಿನ ಲಕ್ಷಣವೆಲ್ಲವೂ ಇಲ್ಲಿ ಅಡಗಿದೆ. ಮೊದಲನೆಯದಾಗಿ, ಹೇಳುವವನು ಫಲದಲ್ಲಿ ಪಾಲುಗಾರನಾಗಿರಬೇಕು. ಎರಡನೆಯದಾಗಿ, ಮಾತು ಕೃತ್ಯವನ್ನು ಕುರಿತಿರಬೇಕು, ವ್ಯಕ್ತಿಯ ಜನ್ಮವನ್ನು ಕುರಿತಿರಬಾರದು. ಮೂರನೆಯದಾಗಿ, ಮರಳಿ ಬರುವ ದಾರಿಯನ್ನು ಆ ಮಾತಿನಲ್ಲಿಯೇ ತೆರೆದಿಟ್ಟಿರಬೇಕು.

ಕಲ್ಯಾಣದ ಅನುಭವಮಂಟಪದ ಮಹತ್ತ್ವವನ್ನು ಈ ದೃಷ್ಟಿಯಿಂದಲೂ ನೋಡಬಹುದು. ಅಲ್ಲಿ ಅಲ್ಲಮಪ್ರಭುದೇವರ ಸಮ್ಮುಖದಲ್ಲಿ ಸೇರಿದವರು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮುಂತಾದ ಕಾಯಕಜೀವಿಗಳು. ಬಟ್ಟೆ ಒಗೆಯುವವನು ತನ್ನ ಕಲ್ಲಿನಿಂದ ಕಲಿತುದನ್ನು ಹೇಳಿದನು, ದೋಣಿ ನಡೆಸುವವನು ತನ್ನ ಹುಟ್ಟಿನಿಂದ ಕಲಿತುದನ್ನು ಹೇಳಿದನು. ವಯಸ್ಸು ಅಲ್ಲಿ ಪ್ರಮಾಣವಾಗಿರಲಿಲ್ಲ. ಕಿರಿಯವರಾದ ಚೆನ್ನಬಸವಣ್ಣನವರು ಹಿರಿಯರಾದ ಸೊನ್ನಲಿಗೆಯ ಸಿದ್ಧರಾಮಯ್ಯನವರಿಗೆ ದೀಕ್ಷಾಗುರುಗಳಾದರೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಮಕ್ಕಳ ಪಾಲನೆಯಲ್ಲಿಯೂ ಹಾಗೆಯೇ. ಇಪ್ಪತ್ತೈದು ವರ್ಷದ ತಾಯಿಯೊಬ್ಬಳು ಹಟಮಾರಿ ಮಗುವನ್ನು ಮಲಗಿಸುವ ಉಪಾಯವನ್ನು ಇನ್ನೊಬ್ಬ ತಾಯಿಗೆ ಹೇಳಿದರೆ, ಆ ಮಾತಿಗೆ ಎಪ್ಪತ್ತು ವರ್ಷದ ಪಂಡಿತನ ನೀತಿಶ್ಲೋಕಕ್ಕಿಂತ ಹೆಚ್ಚಿನ ತೂಕವಿರಬಹುದು. ಯಾಕೆಂದರೆ ಅದು ನಿನ್ನೆಯ ರಾತ್ರಿಯ ನಿದ್ರೆಗೆಟ್ಟ ಅನುಭವದಿಂದ ಬಂದುದು. ಭತ್ತದ ನಾಟಿಯ ಗದ್ದೆಯಲ್ಲಿ ಸಾಲಾಗಿ ಬಾಗಿ ನಿಂತ ಹೆಣ್ಣುಮಕ್ಕಳು "ನಮ್ಮನಿಯಾಗೂ ಹಿಂಗೇ ಆಗಿತ್ತು ನೋಡಕ್ಕಾ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿನಲ್ಲಿ ಅನುಭವಮಂಟಪದ ಒಂದು ಕಿರಣವಿದೆ. ಆ ಒಂದು ಮಾತು ಕೇಳಿದೊಡನೆ ಎದೆಯ ಅರ್ಧ ಭಾರವು ಇಳಿಯುತ್ತದೆ. ಉಳಿದರ್ಧವನ್ನು ಹೊರುವ ಬಲವು ತಾನಾಗಿ ಬರುತ್ತದೆ.

ಮಕ್ಕಳ ಯೋಗ್ಯತೆಯನ್ನು ಅವಸರದಿಂದ ಅಳೆಯಬಾರದೆಂಬುದಕ್ಕೆ ಸಿದ್ಧರಾಮಯ್ಯನವರ ಬಾಲ್ಯವೇ ಸಾಕ್ಷಿ. ಹಂಪೆಯ ಕವಿ ರಾಘವಾಂಕನು ಅವರ ಚರಿತ್ರೆಯನ್ನು ಬರೆದಿದ್ದಾನೆ. ಮುದ್ದುಗೌಡ ಸುಗ್ಗಲೆಯರ ಮಗನು ಇತರ ಮಕ್ಕಳಂತೆ ಚುರುಕಾಗಿ ಆಡಲಿಲ್ಲ, ಮಾತನಾಡಲಿಲ್ಲ. ಜನರ ಕಣ್ಣಿಗೆ ಜಡನಂತೆ ಕಂಡನು. ದನಗಳನ್ನು ಕಾಯುವ ಕೆಲಸಕ್ಕೆ ಅವನನ್ನು ಕಳಿಸಿದರು. ಆ ಹೊಲದಲ್ಲಿಯೇ ಮಲ್ಲಯ್ಯನು ಅವನಿಗೆ ಕಾಣಿಸಿಕೊಂಡನು; ಹಸಿದು ಬಂದ ಅತಿಥಿಗಾಗಿ ಬಾಲಕನು ಮನೆಗೆ ಓಡಿ ತಾಯಿಯಿಂದ ಅನ್ನವನ್ನು ಬೇಡಿ ಕೊಂಡೊಯ್ದನು. ಜಡನೆಂದು ಲೋಕವು ಎಣಿಸಿದ ಆ ಮಗುವೇ ಮುಂದೆ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ ಸಾವಿರಾರು ಜನರ ನೀರಡಿಕೆಯನ್ನು ಕಳೆದನು. ಅಂದು ಆ ತಾಯಿಯ ಮುಂದೆ ನಿಂತು "ನಿನ್ನ ಮಗ ಯಾಕೆ ಹೀಗೆ?" ಎಂದು ಕೇಳಿದವರು ಎಷ್ಟು ಮಂದಿಯಿದ್ದರೋ! ಇಂದಿಗೂ ತಡವಾಗಿ ಮಾತು ಕಲಿಯುವ ಮಗುವಿನ ತಾಯಿ, ಲೆಕ್ಕವು ತಲೆಗೆ ಹತ್ತದ ಹುಡುಗನ ತಂದೆ, ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗಿಯ ಮನೆಯವರು ಮದುವೆ ಮುಂಜಿಗಳಿಗೆ ಹೋಗಲು ಹಿಂಜರಿಯುತ್ತಾರೆ. ಹೋದಲ್ಲೆಲ್ಲ ಆ ಪ್ರಶ್ನೆಯು ಅವರಿಗಾಗಿ ಕಾದು ಕುಳಿತಿರುತ್ತದೆ.

ಇದೇ ರಾಘವಾಂಕನ ವಿಷಯದಲ್ಲಿ ಪರಂಪರೆಯು ಹೇಳುವ ಮತ್ತೊಂದು ಕಥೆಯಿದೆ. ಅವನು ಹರಿಶ್ಚಂದ್ರನ ಚರಿತ್ರೆಯನ್ನು ಕಾವ್ಯವಾಗಿ ರಚಿಸಿದಾಗ, ಶಿವಶರಣರನ್ನು ಬಿಟ್ಟು ನರನನ್ನು ಸ್ತುತಿಸಿದನೆಂದು ಸೋದರಮಾವನೂ ಗುರುವೂ ಆದ ಹರಿಹರನು ಕುಪಿತನಾಗಿ ಹೊಡೆದನೆಂದೂ, ಅವನ ಹಲ್ಲುಗಳು ಮುರಿದುವೆಂದೂ, ಶರಣರ ಚರಿತ್ರೆಗಳನ್ನು ಬರೆದ ಮೇಲೆ ಮರಳಿ ಬಂದುವೆಂದೂ ಹೇಳುತ್ತಾರೆ. ಇದನ್ನು ಹಿರಿಯರ ಶಿಕ್ಷೆಯ ಸತ್ಫಲಕ್ಕೆ ದೃಷ್ಟಾಂತವಾಗಿ ಕೊಡುವುದುಂಟು. ಆದರೆ ಕನ್ನಡಿಗರು ಎಂಟು ನೂರು ವರ್ಷಗಳಿಂದ ಸತ್ಯನಿಷ್ಠೆಯ ಪಾಠವನ್ನು ಕಲಿತುದು ಆ ಹರಿಶ್ಚಂದ್ರಕಾವ್ಯದಿಂದಲೇ ಎಂಬುದನ್ನು ಮರೆಯಲಾಗದು. ಮಹಾಶಿವಭಕ್ತನಾದ ಹಿರಿಯನ ಕೋಪವೂ ಒಮ್ಮೊಮ್ಮೆ ಕಿರಿಯನ ಕೃತಿಯ ಬೆಲೆಯನ್ನು ಕಾಣದೆ ಹೋಗಬಹುದೆಂಬ ಎಚ್ಚರವನ್ನೂ ಆ ಕಥೆಯಿಂದ ಪಡೆಯುವುದು ಯುಕ್ತ. ಕಥೆಯ ಪ್ರಕಾರ ಪೆಟ್ಟು ತಿಂದವನೇ ಮುಂದೆ ಲೋಕವು ಜಡನೆಂದ ಬಾಲಕನ ಚರಿತ್ರೆಯನ್ನು ಅಷ್ಟು ಅಂತಃಕರಣದಿಂದ ಬರೆದನೆಂಬುದೂ ಚಿಂತನೀಯವಾಗಿದೆ.

ವೀರಶೈವರ ಮನೆಗಳಲ್ಲಿ ಮಗು ಗರ್ಭದಲ್ಲಿರುವಾಗಲೇ ಲಿಂಗಸಂಸ್ಕಾರವಾಗುವ ಸಂಪ್ರದಾಯವಿದೆ. ಹುಟ್ಟಿದ ಮೇಲೆ ಜಂಗಮರು ಬಂದು ಲಿಂಗಧಾರಣೆ ಮಾಡುತ್ತಾರೆ. ಈ ಆಚಾರದ ಹುರುಳನ್ನು ತಂದೆತಾಯಿಗಳು ಮನಗಾಣಬೇಕು. ತೊಟ್ಟಿಲಲ್ಲಿರುವ ಕೂಸು ಮಾತು ಕಲಿಯುವುದಕ್ಕೆ ಮೊದಲೇ, ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಅಳೆಯುವುದಕ್ಕೆ ಮೊದಲೇ, ಅದನ್ನು ಶಿವನ ಅಂಗವೆಂದು ಮನ್ನಿಸಿದ್ದಾಗಿದೆ. ಯೋಗ್ಯತೆಯನ್ನು ಪರೀಕ್ಷಿಸಿ ಆಮೇಲೆ ಲಿಂಗವನ್ನು ಕಟ್ಟಲಿಲ್ಲ. ಆದುದರಿಂದ ಆ ಮಗು ತಂದೆಯ ಆಸ್ತಿಯೂ ಅಲ್ಲ, ತಾಯಿಯ ಕೀರ್ತಿಯ ಸಾಧನವೂ ಅಲ್ಲ. ಅದು ಕೆಲವು ಕಾಲ ಕಾಪಾಡಲು ಕೊಟ್ಟ ಪ್ರಸಾದ. ಮಗನು ತಪ್ಪಿದಾಗ ತಂದೆಗೆ ಬರುವ ಸಿಟ್ಟಿನಲ್ಲಿ ಮಗನ ಹಿತಚಿಂತನೆಯು ಎಷ್ಟು, ತನ್ನ ಮಾನಹಾನಿಯ ನೋವು ಎಷ್ಟು ಎಂದು ತೂಗಿ ನೋಡಿದರೆ ಅನೇಕ ವೇಳೆ ಎರಡನೆಯ ತಟ್ಟೆಯೇ ಕೆಳಗಿಳಿಯುತ್ತದೆ. ಭೃತ್ಯಾಚಾರವು ಇಲ್ಲಿಯೇ ಸಹಾಯಕ್ಕೆ ಬರಬೇಕು. ತಾನು ಶರಣರಲ್ಲಿ ಕಿರಿಯನೆಂದು ಭಾವಿಸುವ ಭಕ್ತನು ತನ್ನ ಮನೆಯ ಲಿಂಗಧಾರಿಯಾದ ಬಾಲಕನ ಮುಂದೆ ಮಾತ್ರ ಸರ್ವಾಧಿಕಾರಿಯಾಗುವುದು ಹೇಗೆ? ಗಣಾಚಾರವನ್ನೂ ಭೃತ್ಯಾಚಾರವನ್ನೂ ಒಂದೇ ಮಾಲೆಯಲ್ಲಿ ಪೋಣಿಸಿದುದಕ್ಕೆ ಅರ್ಥವಿದೆ. ವಿನಯವನ್ನು ಬಿಟ್ಟ ಗಣಾಚಾರವು ಕ್ರೌರ್ಯವಾಗುತ್ತದೆ. ಗಣಾಚಾರವನ್ನು ಬಿಟ್ಟ ವಿನಯವು ಹೇಡಿತನವಾಗುತ್ತದೆ. ಬಸವಣ್ಣನವರು ಪರರ ದೋಷವನ್ನು ಸರಿಪಡಿಸಲು ಹೊರಡುವವರಿಗೆ ಮೊದಲು ತಮ್ಮ ದೇಹವನ್ನೂ ಚಿತ್ತವನ್ನೂ ಹದಕ್ಕೆ ತಂದುಕೊಳ್ಳುವಂತೆ ತಿಳಿಸಿದ್ದು ಈ ಸಮತೋಲಕ್ಕಾಗಿಯೇ.

ಐದು ವರ್ಷದವರೆಗೆ ಮುದ್ದಿಸಬೇಕು, ಮುಂದೆ ಹತ್ತು ವರ್ಷ ದಂಡಿಸಬೇಕು, ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕು ಎಂಬ ನೀತಿವಾಕ್ಯವನ್ನು ಹಿರಿಯರು ಆಗಾಗ ಎತ್ತಿ ಆಡುತ್ತಾರೆ. ಅದರಲ್ಲಿ ನಡುವಿನ ಭಾಗವನ್ನು ನೆನಪಿಟ್ಟು ಕಡೆಯ ಭಾಗವನ್ನು ಮರೆಯುವವರೇ ಹೆಚ್ಚು. ಕಾಲವೂ ಬದಲಾಗಿದೆ, 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗಳಲ್ಲಿ ಮಕ್ಕಳಿಗೆ ಶಾರೀರಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವು ಶಾಲೆಯಿಂದ ಹೊರಟುಹೋದ ಮೇಲೆ ಅದು ಮನೆಯಲ್ಲಿ ಮಾತಿನ ರೂಪವನ್ನು ತಾಳಿ ಕುಳಿತಿರುವುದು ವಿಷಾದನೀಯ. ಬೆತ್ತದ ಬಾಸುಂಡೆಯು ಎಂಟು ದಿನಗಳಲ್ಲಿ ಮಾಯುತ್ತದೆ. "ನೀನು ಹುಟ್ಟದಿದ್ದರೇ ಚೆನ್ನಾಗಿತ್ತು" ಎಂಬ ಮಾತು ಮಾತ್ರ ಮುಪ್ಪಿನವರೆಗೂ ಮಾಯದು.

ಕಂಪ್ಲಿಯ ರೈತನಿಗೆ ನೀರಿನ ಧರ್ಮವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಇಲ್ಲಿಯ ಗದ್ದೆಗಳಿಗೆ ನೀರುಣಿಸುತ್ತವೆ. ನೀರುಗಂಟಿಯು ಹೊಲಕ್ಕೆ ನೀರು ಬಿಡುವಾಗ ನೀರನ್ನು ಬೈಯುವುದಿಲ್ಲ. ಬದುವನ್ನು ನೋಡುತ್ತಾನೆ, ಮಡೆಯನ್ನು ನೋಡುತ್ತಾನೆ, ನೆಲದ ಇಳಿಜಾರನ್ನು ನೋಡುತ್ತಾನೆ. ನೀರು ಅಡ್ಡದಾರಿ ಹಿಡಿದರೆ ಎಲ್ಲಿ ಬದು ಒಡೆದಿದೆಯೆಂದು ಹುಡುಕಿ ಅಲ್ಲಿ ಎರಡು ಪುಟ್ಟಿ ಮಣ್ಣು ಹಾಕುತ್ತಾನೆ. ನೀರನ್ನು ಸಂಪೂರ್ಣವಾಗಿ ಕಟ್ಟಿ ನಿಲ್ಲಿಸಿದರೆ ಅದು ಒತ್ತುತ್ತದೆ. ಸಂಪೂರ್ಣವಾಗಿ ಬಿಟ್ಟರೆ ಪೈರು ಕೊಳೆಯುತ್ತದೆ. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ನದಿಯ ಇಕ್ಕೆಲದ ಜನರು ಆ ಒತ್ತಡದ ಬಲವನ್ನು ಕಣ್ಣಾರೆ ಕಂಡಿದ್ದಾರೆ. ಆ ದಿನಗಳಲ್ಲಿ ನದಿಯನ್ನು ಶಪಿಸುತ್ತ ಕುಳಿತಿದ್ದರೆ ಬೆಳೆಯ ನೀರು ಉಳಿಯುತ್ತಿರಲಿಲ್ಲ; ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸಿದವರ ಬುದ್ಧಿ ಮತ್ತು ಧೈರ್ಯಗಳಿಂದ ಅದು ಉಳಿಯಿತು. ಮಕ್ಕಳ ತಪ್ಪನ್ನು ಕಂಡಾಗಲೂ ಬದು ಎಲ್ಲಿ ಒಡೆದಿದೆ ಎಂಬ ಪ್ರಶ್ನೆಯೇ ಮೊದಲಿನದಾಗಿರಬೇಕು. ಪಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಹುಡುಗನು ಆ ಅಂಗಡಿಗೆ ಯಾಕೆ ಹೋದನು, ಸೋತ ದಿನ ಮನೆಯಲ್ಲಿ ಹೇಳಲು ಯಾಕೆ ಹೆದರಿದನು ಎಂಬುದನ್ನು ಮನೆಯವರೇ ವಿಚಾರಿಸಬೇಕು.

ಹಾಗಾದರೆ ಎಲ್ಲವನ್ನೂ ಕೇಳಿಕೊಂಡು ಸುಮ್ಮನಿರುವುದೇ ಧರ್ಮವೆ? ಖಂಡಿತವಾಗಿ ಅಲ್ಲ. ಮಗುವಿನ ದೇಹಕ್ಕೋ ಮಾನಕ್ಕೋ ಯಾರಾದರೂ ಕೇಡು ಮಾಡುತ್ತಿದ್ದರೆ ಅಲ್ಲಿ ಮೌನವು ಮಹಾಪಾಪ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವನು ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯು ವಿಧಿಸಿದೆ. ಎಳೆಯ ಹುಡುಗಿಯ ಮದುವೆಗೆ ಚಪ್ಪರ ಹಾಕುವವರನ್ನು "ಅವರ ಮನೆಯ ವಿಷಯ" ಎಂದು ಬಿಡುವುದು ಸಲ್ಲದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಅದನ್ನು ಅಪರಾಧವೆಂದು ಹೇಳಿದೆ, 1098 ಎಂಬ ಮಕ್ಕಳ ಸಹಾಯವಾಣಿಯು ಇಂಥ ಸಂದರ್ಭಕ್ಕಾಗಿಯೇ ಇದೆ. ಗಣಾಚಾರದ ಖಡ್ಗವನ್ನು ಹಿರಿಯುವ ಸ್ಥಳವು ಇದು. ಬಲವಿಲ್ಲದವನನ್ನು ಕಾಪಾಡಲು ಅದನ್ನು ಹಿಡಿಯಬೇಕು. ವ್ಯಸನದ ಸಂಗತಿಯೆಂದರೆ, ಈ ಸ್ಥಳದಲ್ಲಿ ಮೌನವಾಗಿರುವ ನಾಲಿಗೆಗಳೇ ಪರೀಕ್ಷೆಯಲ್ಲಿ ಸೋತ ಹುಡುಗನ ಮುಂದೆ ಹರಿತವಾಗುತ್ತವೆ.

ಇನ್ನು ಕಾರ್ಯದ ಮಾತು. ಊರೂರುಗಳಲ್ಲಿ ಶಿವಾನುಭವಗೋಷ್ಠಿಗಳು ನಡೆಯುತ್ತವೆ. ಅನೇಕ ಕಡೆ ಅಕ್ಕನ ಬಳಗಗಳಿವೆ. ಉಪನ್ಯಾಸ ಮುಗಿದು ಪ್ರಸಾದವಾದ ಮೇಲೆ ಒಂದರ್ಧ ಗಂಟೆ ತಂದೆತಾಯಿಗಳು ಬೇರೆಯಾಗಿ ಕುಳಿತು ಮಕ್ಕಳ ವಿಷಯವನ್ನು ಮಾತನಾಡುವ ಪದ್ಧತಿಯನ್ನು ಹಾಕಿಕೊಂಡರೆ ಅದು ಅನುಭವಮಂಟಪದ ಹೆಸರಿಗೆ ಒಪ್ಪುವ ಕಾರ್ಯವಾದೀತು. ಅದಕ್ಕೆ ನಾಲ್ಕು ನಿಯಮಗಳು ಸಾಕು. ಹೇಳುವವರನ್ನು ಪೂರ್ತಿ ಹೇಳಗೊಡಬೇಕು. ಕೇಳಿದ ಮೇಲೆ ತೀರ್ಪನ್ನು ಕೊಡದೆ ತನ್ನ ಮನೆಯಲ್ಲಿ ನಡೆದುದನ್ನು ಹೇಳಬೇಕು. ಕೇಳದೆ ಬುದ್ಧಿ ಹೇಳಬಾರದು. ಅಲ್ಲಿ ಕೇಳಿದ ಮಾತನ್ನು ಹೊಸ್ತಿಲು ದಾಟಿಸಬಾರದು. ಇವುಗಳಲ್ಲಿ ನಾಲ್ಕನೆಯದು ಮುರಿದರೆ ಮೊದಲ ಮೂರೂ ನಿಷ್ಫಲ. ಗುಟ್ಟನ್ನು ಕಾಯುವುದು ಶೀಲದ ಒಂದು ಅಂಗವೆಂದೇ ತಿಳಿಯತಕ್ಕದ್ದು.

ಕೆಲವು ತೊಡಕುಗಳು ನೆರೆಹೊರೆಯ ಅನುಭವಕ್ಕೂ ಮೀರಿದವು. ಮಗು ದಿನಗಟ್ಟಲೆ ಅನ್ನ ಬಿಟ್ಟು ಕುಳಿತರೆ, ಸಾಯುವ ಮಾತನ್ನು ಆಡಿದರೆ, ಮೊಬೈಲಿನಿಂದ ಬಿಡಿಸಿಕೊಳ್ಳಲಾರದಂತಾದರೆ ಅದನ್ನು ಹಟವೆಂದಾಗಲಿ ಗ್ರಹಚಾರವೆಂದಾಗಲಿ ಎಣಿಸದೆ ಬಲ್ಲವರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಹಣವಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಯಂತ್ರಗಳ ಅತಿಬಳಕೆಯಲ್ಲಿ ಸಿಕ್ಕಿದವರಿಗಾಗಿಯೇ 2014ರಿಂದ ಒಂದು ಚಿಕಿತ್ಸಾಲಯವನ್ನು ನಡೆಸುತ್ತಿದೆ. ಮುಖ ಕಾಣದ ಒಬ್ಬ ಅಪರಿಚಿತನ ಮುಂದೆ ತಾಯಿಯೊಬ್ಬಳು ತನ್ನ ಕಷ್ಟವನ್ನು ಹೇಳಿಕೊಳ್ಳಬಲ್ಲಳು, ಪರಿಚಿತರ ಮುಂದೆ ಹೇಳಲಾರಳು ಎಂದರೆ ಅದು ಆ ಅಪರಿಚಿತನಿಗೆ ಕೀರ್ತಿ. ಪರಿಚಿತರು ಮಾತ್ರ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕು.

ಕಡೆಯದಾಗಿ ತಂದೆತಾಯಿಗಳಿಗೂ ಒಂದು ಮಾತು ಉಂಟು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು, ತಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸಬೇಕು, ಉಳಿದವನ್ನಲ್ಲ ಎಂದು ಅಪ್ಪಣೆ ಕೊಡುತ್ತಾನೆ. ಗುರುವೇ ತನ್ನಲ್ಲಿ ಅನುಸರಿಸಬಾರದುದೂ ಇರಬಹುದೆಂದು ಒಪ್ಪಿಕೊಂಡ ಮೇಲೆ ಗೃಹಸ್ಥನು ಯಾಕೆ ನಾಚಬೇಕು? ದಾರಿ ತಿಳಿಯದೆಂದು ಒಪ್ಪಿ ಕೇಳುವುದು ಅಪಮಾನವಲ್ಲ. ಕೇಳುವವನು ತಲೆ ತಗ್ಗಿಸದಂತೆ ಹೇಳುವುದು ಬಲ್ಲವನ ಧರ್ಮ. ತಾನು ಕೇಳಿಸಿಕೊಂಡ ರೀತಿಯಲ್ಲಿಯೇ ತನ್ನ ಮಗನ ಮಾತನ್ನು ಕೇಳುವುದು ಕೇಳಿದವನ ಧರ್ಮ. ಹೊರಗೆ ಕರುಣೆಯನ್ನು ಪಡೆದು ಒಳಗೆ ಬಂದು ಮಗನ ಮುಂದೆ ಕಂಪಿಲರಾಯನಾದರೆ ಪಡೆದ ಪ್ರಸಾದವು ವ್ಯರ್ಥವಾಗುತ್ತದೆ. ಬಂದವನನ್ನು ಪರಕೀಯನೆನ್ನದೆ ಸ್ವಂತದವನೆಂದು ಭಾವಿಸಬೇಕೆಂಬ ಬಸವಣ್ಣನವರ ಬೋಧೆಯು ಮೊದಲು ಸಲ್ಲಬೇಕಾದುದು ತಪ್ಪು ಮಾಡಿ ಹೊಸ್ತಿಲ ಹೊರಗೆ ಹಿಂಜರಿದು ನಿಂತ ಸ್ವಂತ ಮಗನಿಗೆ, ಸ್ವಂತ ಮಗಳಿಗೆ. ಅವರು ಒಳಗೆ ಬರುವಷ್ಟು ಬಾಗಿಲನ್ನು ತೆರೆದಿಡುವ ಬುದ್ಧಿಯನ್ನೂ, ಬಂದ ಮೇಲೆ ಕೈಹಿಡಿದು ನಡೆಸುವ ಬಲವನ್ನೂ ಪರಶಿವನು ಸಕಲ ಗೃಹಸ್ಥರಿಗೆ ಕರುಣಿಸಲಿ.